ಹಿಟ್ಟಿನ ಹುಂಜದ ಕೂಗು: ಒಂದೇ ಕಥೆ, ಹಲವು ಪ್ರಕಾರ

ವಯನಾಡಿನಲ್ಲಿ ಮನೆಯೊಳಗೆ ಕನ್ನಡವನ್ನೂ ಶಾಲೆಯಲ್ಲಿ ಮಲೆಯಾಳವನ್ನೂ ಆಡಿ ಬೆಳೆಯುವ ಕೆಲವು ಮಕ್ಕಳಿಗೆ ಹಿಂದೊಮ್ಮೆ ಸಂಜೆಯ ಹೊತ್ತು ಕನ್ನಡ ಅಕ್ಷರ ಕಲಿಸುತ್ತಿದ್ದೆ. ಪಾಠ ಮುಗಿದ ಮೇಲೆ ಒಂದು ಕಥೆ ಹೇಳುವುದು ವಾಡಿಕೆ. ಒಂದು ದಿನ ಯಶೋಧರನ ಕಥೆಯನ್ನು ಹೇಳಿದೆ. ಜೀವವುಳ್ಳ ಕೋಳಿಯನ್ನು ಕೊಲ್ಲಲೊಲ್ಲದ ಅರಸನು ಹಿಟ್ಟಿನಲ್ಲಿ ಮಾಡಿದ ಹುಂಜವನ್ನು ದೇವಿಗೆ ಬಲಿಗೊಟ್ಟುದು, ಕತ್ತಿ ತಾಗಿದೊಡನೆ ಆ ಹುಂಜ ಕೂಗಿದುದು, ಅದರ ಫಲವಾಗಿ ಅರಸನೂ ಅವನ ತಾಯಿಯೂ ಜನ್ಮದಿಂದ ಜನ್ಮಕ್ಕೆ ಅಲೆದುದು, ಇಷ್ಟನ್ನು ಹೇಳಿ ನಿಲ್ಲಿಸಿದಾಗ ಹುಡುಗಿಯೊಬ್ಬಳು ಎದ್ದುನಿಂತು, "ಹಿಟ್ಟಿನ ಕೋಳಿ ನಿಜವಾಗಿ ಕೂಗಿತಾ, ಮಾಷೆ?" ಎಂದು ಕೇಳಿದಳು. "ಅದು ಬರೀ ಕಥೆ, ಕೂತುಕೋ" ಎಂದುಬಿಟ್ಟೆ. ಹುಡುಗಿ ಕುಳಿತಳು. ಆದರೆ ನಾನು ಕೊಟ್ಟ ಉತ್ತರ ತಪ್ಪೆಂಬುದು ಮನೆಗೆ ನಡೆಯುವ ದಾರಿಯಲ್ಲೇ ನನಗೆ ಹೊಳೆಯಿತು. 'ಬರೀ' ಎಂಬ ಮಾತನ್ನು ಆ ಕಥೆಯೇ ಒಪ್ಪುವುದಿಲ್ಲ. ಬರೀ ಹಿಟ್ಟು ತಾನೇ ಎಂದುಕೊಂಡು ಕತ್ತಿ ಎತ್ತಿದ ಯಶೋಧರನಿಗೆ ಆದುದೇನು ಎಂಬುದೇ ಅದರ ವಸ್ತು.

ಆ ಹುಡುಗಿಗೆ ನಾನು ಹೇಳಬೇಕಾಗಿದ್ದುದೇನು ಎಂದು ಯೋಚಿಸುತ್ತ ಹೋದಂತೆ ಅದು ಒಂದು ಕಥೆಯ ಪ್ರಶ್ನೆಯಾಗಿ ಉಳಿಯದೆ ಸಾಹಿತ್ಯಪ್ರಕಾರಗಳ ಪ್ರಶ್ನೆಯಾಯಿತು. ಈ ಕಥೆ ನನಗೆ ಮೂರು ದಾರಿಗಳಿಂದ ಬಂದಿದೆ: ಅಜ್ಜಿಯ ಬಾಯಿಂದ, ಜನ್ನನ ಕಾವ್ಯದಿಂದ, ಗಿರೀಶ ಕಾರ್ನಾಡರ ನಾಟಕದಿಂದ. ಮೂರರಲ್ಲಿಯೂ ಹಿಟ್ಟಿನ ಹುಂಜವಿದೆ. ಆದರೆ ಅದರ ಮುಂದೆ ನಿಂತು ನಾವು ಕೇಳಬೇಕಾದ ಪ್ರಶ್ನೆ ಮೂರರಲ್ಲಿಯೂ ಒಂದೇ ಅಲ್ಲ. ಕಲ್ಪಿತ ಕಥೆಯನ್ನು ಅರ್ಥಮಾಡುವಾಗ ಪ್ರಕಾರವನ್ನು ಮರೆತರೆ ಎಂತಹ ಅನ್ಯಾಯವಾಗುತ್ತದೆ ಎಂಬುದನ್ನು ಈ ಒಂದು ನಿದರ್ಶನದಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಪ್ರಕಾರಗಳ ವಿಚಾರ ನಮ್ಮವರಿಗೆ ಹೊಸದೇನೂ ಅಲ್ಲ. ಕಾವ್ಯವನ್ನು ದೃಶ್ಯವೆಂದೂ ಶ್ರವ್ಯವೆಂದೂ ವಿಭಾಗಿಸಿದುದು ಎಲ್ಲರಿಗೂ ತಿಳಿದ ಸಂಗತಿ. ಗದ್ಯಕಥನದಲ್ಲಿ ಆಖ್ಯಾಯಿಕೆ, ಕಥೆ ಎಂಬ ಎರಡು ಬಗೆಗಳನ್ನು ಭಾಮಹನು ಹೇಳುತ್ತಾನೆ. ನಾಯಕನು ತನ್ನ ವೃತ್ತಾಂತವನ್ನು ತಾನೇ ಹೇಳಿದರೆ ಅದು ಆಖ್ಯಾಯಿಕೆ. ಇತರರು ಹೇಳಿದರೆ ಕಥೆ. ದಂಡಿ ಈ ಭೇದವನ್ನು ಒಪ್ಪುವುದಿಲ್ಲ. ಹೇಳುವವನು ಯಾರಾದರೇನು, ಜಾತಿ ಒಂದೇ, ಹೆಸರು ಮಾತ್ರ ಎರಡು ಎಂಬುದು ಅವನ ವಾದ. ಲಕ್ಷಣಗ್ರಂಥದ ಮಟ್ಟಿಗೆ ದಂಡಿಯ ಮಾತು ಸರಿಯಿರಬಹುದು. ಆದರೆ ಓದುಗನ ಮಟ್ಟಿಗೆ ಭಾಮಹನು ಎತ್ತಿದ ಪ್ರಶ್ನೆ ಇಂದಿಗೂ ಬೆಲೆಯುಳ್ಳದ್ದು. ಹೇಳುತ್ತಿರುವವರು ಯಾರು? ಇದಕ್ಕೆ ಇನ್ನೆರಡನ್ನು ಸೇರಿಸಿಕೊಳ್ಳೋಣ. ಕೇಳುತ್ತಿರುವವರು ಯಾರು? ಹೇಳದೆ ಬಿಟ್ಟುದು ಯಾವುದು? ಈ ಮೂರು ಪ್ರಶ್ನೆಗಳನ್ನು ಹಿಡಿದು ಯಶೋಧರನ ಕಥೆಯ ಮೂರು ರೂಪಗಳನ್ನು ನೋಡಬಹುದು.

೧

ಮೊದಲನೆಯದು ಅಜ್ಜಿಯ ಕಥೆ. ನಾನು ಏಳೆಂಟು ವರ್ಷದವನಾಗಿದ್ದಾಗ ಪೇಟೆಯಿಂದ ಬಂದವರೊಬ್ಬರು ಆನೆ, ಕುದುರೆ, ಕೋಳಿಗಳ ಆಕಾರದ ಬಿಸ್ಕತ್ತಿನ ಪೊಟ್ಟಣವೊಂದನ್ನು ತಂದುಕೊಟ್ಟರು. ನಾನು ಆನೆಯ ಸೊಂಡಿಲನ್ನು ಕಚ್ಚಿದ್ದೆನಷ್ಟೆ. ಅಜ್ಜಿ ಅದನ್ನು ಕೈಯಿಂದ ತೆಗೆದುಕೊಂಡು, "ಬೇಡ ಮಗಾ, ಯಶೋಧರನ ಹಾಗೆ ಮಾಡಬೇಡ" ಎಂದರು. ಜೀವಿಗಳ ಆಕಾರ ಮಾಡಿದ ತಿನಿಸನ್ನು ಕಚ್ಚಬಾರದು, ಕತ್ತರಿಸಬಾರದು ಎಂಬ ನಿಯಮ ಅನೇಕ ಜೈನ ಮನೆಗಳಲ್ಲಿ ಇದೆ. ಆ ರಾತ್ರಿ ಅವರು ಹೇಳಿದ ಕಥೆಯಲ್ಲಿ ಅರಸನಿಗೆ ಕೆಟ್ಟ ಕನಸು ಬೀಳುತ್ತದೆ. ತಾಯಿ ಬಲಿ ಕೊಡು ಎನ್ನುತ್ತಾಳೆ. ಮಗನು ಕೊಲ್ಲಲೊಲ್ಲೆ ಎನ್ನುತ್ತಾನೆ. ಕೊನೆಗೆ ಹಿಟ್ಟಿನ ಕೋಳಿ. ರಾಣಿಯ ಹೆಸರೇ ಬರಲಿಲ್ಲ. ಮಾವುತನಂತೂ ಇಲ್ಲವೇ ಇಲ್ಲ.

ಇಲ್ಲಿ ಹೇಳುವವರು ಅಜ್ಜಿ. ಕೇಳುವವನು ಕೈಯಲ್ಲಿ ಬಿಸ್ಕತ್ತು ಹಿಡಿದ ಹುಡುಗ. ಹೇಳಬೇಕಾದುದು ಒಂದೇ: ಆಟಕ್ಕಾದರೂ ಕಡಿಯಬೇಡ. ಅದಕ್ಕೆ ಬೇಡವಾದುದೆಲ್ಲವೂ ಉದುರಿಹೋಗಿದೆ. ನೋಂಪಿಯ ಕಥೆಗಳ ರೀತಿಯೇ ಇದು. ಅವು ಪಾತ್ರಗಳ ಮನಸ್ಸನ್ನು ಶೋಧಿಸುವುದಿಲ್ಲ. ಕೇಳುವವನ ನಡತೆಯನ್ನು ತಿದ್ದುತ್ತವೆ. ಇಂತಹ ಕಥೆಯನ್ನು ಹಿಡಿದು 'ಇದರಲ್ಲಿ ಪಾತ್ರಚಿತ್ರಣವಿಲ್ಲ' ಎಂದು ದೂರುವ ವಿಮರ್ಶಕನು, ಹಾಲನ್ನು ಅಳೆಯುವ ಪಾತ್ರೆಯಲ್ಲಿ ಬಟ್ಟೆಯನ್ನು ಅಳೆಯಹೊರಟವನಾಗುತ್ತಾನೆ.

೨

ಜನ್ನನ 'ಯಶೋಧರ ಚರಿತೆ' ಕ್ರಿ. ಶ. ೧೨೦೯ರ ಕೃತಿ. ಕವಿ ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿದ್ದವನು, ಕವಿಚಕ್ರವರ್ತಿ ಎಂಬ ಬಿರುದುಳ್ಳವನು. ಕಥೆ ಅವನ ಸ್ವಂತದ್ದಲ್ಲ. ಸೋಮದೇವಸೂರಿಯು ೯೫೯ರಲ್ಲಿ ಇದೇ ವಸ್ತುವಿನ ಮೇಲೆ ಸಂಸ್ಕೃತದಲ್ಲಿ 'ಯಶಸ್ತಿಲಕ' ಚಂಪುವನ್ನು ರಚಿಸಿದ್ದನು. ಅದೇ ಶತಮಾನದಲ್ಲಿ ಪುಷ್ಪದಂತನು ಅಪಭ್ರಂಶದಲ್ಲಿ 'ಜಸಹರಚರಿಉ' ಬರೆದನು. ಜನ್ನನಿಗೆ ಮುಖ್ಯವಾಗಿ ಆಕರವಾದುದು ಹನ್ನೊಂದನೆಯ ಶತಮಾನದ ವಾದಿರಾಜನ ಸಂಸ್ಕೃತ ಕಾವ್ಯ. ತಮಿಳಿನಲ್ಲಿಯೂ ಈ ಕಥೆಯ ಕಾವ್ಯವೊಂದಿದೆ. ಜನ್ನನು ಚಂಪುವಿನ ವಿಸ್ತಾರವನ್ನು ಬಿಟ್ಟು, ನಾಲ್ಕು ಅವತಾರಗಳಲ್ಲಿ, ಬಹುಮಟ್ಟಿಗೆ ಕಂದಪದ್ಯಗಳಲ್ಲಿಯೇ ಕಥೆಯನ್ನು ಮುಗಿಸಿದನು. ಪುಟ್ಟ ಪದ್ಯ, ಬಿಗಿಯಾದ ನಡೆ. ವರ್ಣನೆಗೆ ತಂಗುವ ಕವಿಯಲ್ಲ ಅವನು ಇಲ್ಲಿ.

ಈ ಕಾವ್ಯದಲ್ಲಿ ಹೇಳುವವರು ಯಾರು? ಅರಸ ಮಾರಿದತ್ತನು ಚಂಡಮಾರಿಗೆ ಬಲಿ ಕೊಡಲು ಅಭಯರುಚಿ, ಅಭಯಮತಿ ಎಂಬ ಅಣ್ಣತಂಗಿಯರನ್ನು ಹಿಡಿತರಿಸಿದ್ದಾನೆ. ಅಳುಕದೆ ನಿಂತ ಆ ಮಕ್ಕಳನ್ನು ಕಂಡು ಬೆರಗಾಗಿ ಅವರ ವೃತ್ತಾಂತವನ್ನು ಕೇಳುತ್ತಾನೆ. ಅಭಯರುಚಿ ಹೇಳತೊಡಗುತ್ತಾನೆ. ಹಿಂದೆ ಯಶೋಧರನಾಗಿದ್ದವನು ಅವನೇ. ತಾಯಿ ಚಂದ್ರಮತಿಯಾಗಿದ್ದವಳೇ ಪಕ್ಕದಲ್ಲಿ ನಿಂತಿರುವ ತಂಗಿ. ಭಾಮಹನ ಲಕ್ಷಣಕ್ಕೆ ಇದು ದಕ್ಕುವುದಿಲ್ಲ. ನಾಯಕನೇ ಹೇಳುತ್ತಿದ್ದಾನೆ ಎನ್ನೋಣವೆಂದರೆ ಆ ನಾಯಕನು ಸತ್ತು ಎಷ್ಟೋ ಜನ್ಮಗಳಾಗಿವೆ. ಬೇರೊಬ್ಬನು ಹೇಳುತ್ತಿದ್ದಾನೆ ಎನ್ನೋಣವೆಂದರೆ ಅವನು ಬೇರೊಬ್ಬನಲ್ಲ. ಕೇಳುವವನಾದರೋ ಕತ್ತಿ ಹಿಡಿದು ನಿಂತ ಮಾರಿದತ್ತ. ಹೀಗಾಗಿ ಈ ಕಾವ್ಯದಲ್ಲಿ ಕಥೆ ಹೇಳುವುದೆಂದರೆ ಮನೋರಂಜನೆಯಲ್ಲ. ಎತ್ತಿದ ಕತ್ತಿಯನ್ನು ಇಳಿಸುವ ಕೆಲಸ. ಕಥೆ ಫಲಿಸಿತೇ ಇಲ್ಲವೇ ಎಂಬುದಕ್ಕೆ ಸಾಕ್ಷಿ ಮಾರಿದತ್ತನ ಕೈ.

ಇನ್ನು ಅಜ್ಜಿ ಬಿಟ್ಟ ಭಾಗ. ರಾಣಿ ಅಮೃತಮತಿ ಮಾವುತ ಅಷ್ಟಾವಂಕನ ಹಾಡನ್ನು ಕೇಳಿ ಮರುಳಾಗುತ್ತಾಳೆ. ಸಖಿಯನ್ನು ಕಳುಹಿಸಿ ಅವನು ಯಾರೆಂದು ತಿಳಿಯುತ್ತಾಳೆ. ಅವನ ವಿಕಾರರೂಪವನ್ನು ಸಖಿ ಹೇಸಿಕೊಂಡು ವರ್ಣಿಸಿದರೂ ಅವಳ ಮನಸ್ಸು ಹಿಂದೆಗೆಯುವುದಿಲ್ಲ. ಒಂದು ರಾತ್ರಿ ಯಶೋಧರನು ಹಿಂಬಾಲಿಸಿ ಹೋಗಿ ಎಲ್ಲವನ್ನೂ ಕಾಣುತ್ತಾನೆ. ತಡವಾಗಿ ಬಂದಳೆಂದು ಮಾವುತನು ಅವಳನ್ನು ಹೊಡೆಯುವುದನ್ನೂ ಕಾಣುತ್ತಾನೆ. ಕತ್ತಿಗೆ ಕೈಹಾಕಿ ತಡೆದುಕೊಳ್ಳುತ್ತಾನೆ. ಮರುದಿನ ಸರಸದ ನೆವದಲ್ಲಿ ನೈದಿಲೆಯಿಂದ ತಟ್ಟಿದಾಗ ಅವಳು ಮೂರ್ಛೆಹೋದಂತೆ ನಟಿಸುತ್ತಾಳೆ. ಹಿಂದಿನ ರಾತ್ರಿಯ ಏಟನ್ನು ತಾಳಿದವಳು ಹೂವಿನ ಏಟಿಗೆ ಬಿದ್ದುದನ್ನು ಕಂಡ ಅರಸನ ಕಹಿ ನಗೆ ಓದುಗನಿಗೂ ತಟ್ಟುತ್ತದೆ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ತಾಯಿ ಕೇಳಿದಾಗ ಯಶೋಧರನು ತಾನು ಕಂಡುದನ್ನು ಹೇಳುವುದಿಲ್ಲ. ಕೆಟ್ಟ ಕನಸಿನ ನೆವ ಹೇಳುತ್ತಾನೆ. ಅಜ್ಜಿಯ ಕಥೆಯಲ್ಲಿ ನಿಜವಾಗಿದ್ದ ಕನಸು ಕಾವ್ಯದಲ್ಲಿ ಕಟ್ಟುಕಥೆ. ಆ ಕಲ್ಪಿತ ಕನಸಿಗೆ ಪರಿಹಾರವಾಗಿ ಕಲ್ಪಿತ ಕೋಳಿ. ಆದರೆ ಅದರಿಂದ ಬಂದ ಸಾವುಗಳು ಮಾತ್ರ ಕಲ್ಪಿತವಲ್ಲ. ರಾಣಿ ತಾಯಿಮಗನಿಬ್ಬರಿಗೂ ವಿಷವಿಡುತ್ತಾಳೆ. ನವಿಲು ನಾಯಿಗಳಾಗಿ ತೊಡಗಿದ ಅವರ ಜನ್ಮಯಾತ್ರೆ ಕೊನೆಯಲ್ಲಿ ಕೋಳಿಗಳ ಜನ್ಮವನ್ನು ದಾಟಿ ಈ ಅಣ್ಣತಂಗಿಯರಲ್ಲಿ ಬಂದು ನಿಲ್ಲುತ್ತದೆ. ಹಿಟ್ಟಿನ ಕೋಳಿ ಕೂಗಿದುದಕ್ಕೂ ಕವಿ ಕಾರಣ ಕೊಟ್ಟಿದ್ದಾನೆ: ಆ ಬೊಂಬೆಯೊಳಗೆ ಬೆಂತರವೊಂದು ಹೊಕ್ಕಿತ್ತು. ಬೊಂಬೆಯೆಂಬುದು ನಾವು ಬಗೆದಷ್ಟು ಬರಿದಲ್ಲ, ಕಡಿಯುವ ಸಂಕಲ್ಪ ಮಾಡಿದ ಕ್ಷಣದಲ್ಲಿಯೇ ಅದಕ್ಕೆ ಜೀವ ಬಂದಂತಾಯಿತು ಎಂಬುದು ಇದರ ಧ್ವನಿ.

೩

ಗಿರೀಶ ಕಾರ್ನಾಡರ 'ಹಿಟ್ಟಿನ ಹುಂಜ' ಬಂದುದು ೧೯೮೦ರಲ್ಲಿ. ವಯನಾಡು ಜಿಲ್ಲೆ ರೂಪುಗೊಂಡ ವರ್ಷವೂ ಅದೇ. ಇದೇ ವಸ್ತುವನ್ನು ಅವರು ಮತ್ತೆ ಇಂಗ್ಲಿಷಿನಲ್ಲಿ 'ಬಲಿ' ಎಂಬ ನಾಟಕವಾಗಿ ರೂಪಿಸಿ ೨೦೦೪ರಲ್ಲಿ ಪ್ರಕಟಿಸಿದರು. ಈ ನಾಟಕವನ್ನು ಕುರಿತು ಎರಡು ಬಗೆಯ ಆಕ್ಷೇಪಣೆಗಳನ್ನು ನಾನು ಅಧ್ಯಾಪಕ ಮಿತ್ರರಿಂದ ಕೇಳಿದ್ದೇನೆ. ಜನ್ನನ ಧರ್ಮಕಾವ್ಯವನ್ನು ಕಾರ್ನಾಡರು ದಾಂಪತ್ಯದ ಜಗಳವಾಗಿ ಇಳಿಸಿದರು ಎಂಬುದು ಒಂದು. ನಾಟಕ ಓದಿದ ಮೇಲೆ ಜನ್ನನು ಹೆಣ್ಣಿಗೆ ಅನ್ಯಾಯ ಮಾಡಿದನೆಂದು ತಿಳಿಯಿತು ಎಂಬುದು ಇನ್ನೊಂದು. ಒಂದಕ್ಕೊಂದು ವಿರುದ್ಧವಾಗಿ ತೋರುವ ಈ ಎರಡೂ ಒಂದೇ ತಪ್ಪಿನಿಂದ ಹುಟ್ಟಿದವು. ಒಂದು ಪ್ರಕಾರದ ಪ್ರಶ್ನೆಗೆ ಇನ್ನೊಂದು ಪ್ರಕಾರ ಉತ್ತರ ಕೊಡಬೇಕೆಂದು ಇಬ್ಬರೂ ಬಯಸುತ್ತಾರೆ.

ರಂಗದ ಮೇಲೆ ಅಭಯರುಚಿ ಇಲ್ಲ, ಮಾರಿದತ್ತನಿಲ್ಲ. ಮುಂದಿನ ಜನ್ಮಗಳೂ ಇಲ್ಲ. ರಾಜ, ರಾಣಿ, ತಾಯಿ, ಮಾವುತ ಇವರೇ ಮುಖ್ಯರು. ಕಾವ್ಯದಲ್ಲಿ ರಾಣಿಯ ಕಥೆ ನಮಗೆ ತಲಪುವುದು ಅವಳಿಂದ ವಿಷವುಂಡವನ ಬಾಯಿಂದ. ಅವಳ ನುಡಿಗಳೂ ಅವನ ಬಾಯಲ್ಲಿಯೇ ಬರಬೇಕು. ನಾಟಕದಲ್ಲಿ ಪ್ರತಿಯೊಬ್ಬರೂ ತಮ್ಮ ಪರವಾಗಿ ತಾವೇ ಮಾತಾಡಬೇಕು. ರಾಣಿಗೆ ಮಾತು ಸಿಕ್ಕಿದುದು ನಾಟಕಕಾರನ ಔದಾರ್ಯದಿಂದ ಮಾತ್ರವಲ್ಲ, ನಾಟಕದ ಧರ್ಮದಿಂದ. ಜನ್ಮಾಂತರಗಳನ್ನು ಬಿಟ್ಟುದರಿಂದ ಕರ್ಮಫಲವನ್ನು ತೋರಿಸಲು ಮುಂದಿನ ಹುಟ್ಟಿಗೆ ಕಾಯುವಂತಿಲ್ಲ. ಈ ನಾಲ್ವರ ನಡುವೆಯೇ ಅದು ಬಡ್ಡಿಸಮೇತ ತೀರಬೇಕು. 'ಬಲಿ'ಯಲ್ಲಿ ರಾಣಿ ಜೈನಳು, ರಾಜನು ಅವಳಿಗಾಗಿ ಆ ಧರ್ಮವನ್ನು ಹಿಡಿದವನು, ತಾಯಿ ಬಲಿಪೂಜೆಯನ್ನು ಬಿಡದವಳು. ಕಾವ್ಯದಲ್ಲಿ ತಾಯಿಮಗನ ನಡುವೆ ನಡೆದ ಹಿಂಸೆ ಅಹಿಂಸೆಗಳ ವಾದ ಇಲ್ಲಿ ಗಂಡಹೆಂಡಿರ ಕೋಣೆಯೊಳಕ್ಕೆ ಬಂದಿದೆ. ಕೇಳುವವರ ಸ್ಥಾನದಲ್ಲಿ ಮಾರಿದತ್ತನ ಬದಲು ನಾವು ಕುಳಿತಿದ್ದೇವೆ. ಕತ್ತಿಯನ್ನು ಇಳಿಸಬೇಕಾದವರು ಈಗ ನಾವು.

ಪ್ರಕಾರಭೇದದ ಬಲವನ್ನು ಕಾಣಬೇಕಾದರೆ ಮಾವುತನ ಹಾಡೊಂದನ್ನೇ ನೋಡಿದರೆ ಸಾಕು. ಕಾವ್ಯವನ್ನು ಓದುವಾಗ ಆ ಹಾಡು ನಮ್ಮ ಕಿವಿಗೆ ಬೀಳುವುದಿಲ್ಲ. ಅದು ರಾಣಿಗೆ ಏನು ಮಾಡಿತು ಎಂಬುದಷ್ಟೇ ತಿಳಿಯುತ್ತದೆ. ಕವಿ ಇಂಪು ಎಂದರೆ ಇಂಪು. ರಂಗದ ಮೇಲಾದರೆ ಅದು ಕೇಳಿಸಲೇಬೇಕು. ಕೇಳಿ ನಮ್ಮ ಮನಸ್ಸೂ ಒಂದಿಷ್ಟು ಅತ್ತ ವಾಲಿದರೆ ರಾಣಿಯನ್ನು ಹಳಿಯುವ ನಾಲಗೆ ತಾನಾಗಿಯೇ ಮೆತ್ತಗಾಗುತ್ತದೆ. ಮಾವುತನ ರೂಪವೂ ಹಾಗೆಯೇ. ಪದ್ಯದಲ್ಲಿ ಅವನ ಅವಯವಗಳನ್ನು ಒಂದೊಂದಾಗಿ ಎಣಿಸಿ ಜುಗುಪ್ಸೆ ಹುಟ್ಟಿಸಬಹುದು. ರಂಗದಲ್ಲಿ ನಿಂತವನು ಮನುಷ್ಯ. ಅವನಿಗೆ ಮೈಯಿದೆ, ಕಸುಬಿದೆ, ದಣಿವಿದೆ. ಮುತ್ತಂಗದ ಆನೆ ಶಿಬಿರದಲ್ಲಿ ಮಾವುತರು ಆನೆಯ ಮೈ ತೊಳೆಯುವುದನ್ನೂ ಅದರೊಡನೆ ಮಾತಾಡುವುದನ್ನೂ ಕಂಡಿರುವ ನಮ್ಮ ವಿದ್ಯಾರ್ಥಿಗೆ ಮಾವುತನೆಂದರೆ ಹೇಸಿಗೆಯ ಸಂಕೇತವಾಗಲಾರದು. ಅಂತಹ ವಿದ್ಯಾರ್ಥಿ ಜನ್ನನ ಪದ್ಯಕ್ಕೆ ಮುಖ ಸಿಂಡರಿಸಿದರೆ ಅವನನ್ನು ಗದರಿಸಬೇಕಾಗಿಲ್ಲ. ಅದು ಸಖಿಯ ಕಣ್ಣಿನಿಂದ ಕಂಡ ರೂಪ, ಅದನ್ನು ಹೇಳುತ್ತಿರುವವನು ನೊಂದ ಗಂಡ ಎಂಬುದನ್ನು ತೋರಿಸಿಕೊಟ್ಟರೆ ಸಾಕು.

ಹಾಗಾದರೆ ಜನ್ನನು ರಾಣಿಗೆ ಅನ್ಯಾಯ ಮಾಡಿದನೇ? ನನಗೆ ಹಾಗೆ ತೋರುವುದಿಲ್ಲ. ರಾಣಿ ಸಖಿಯೊಡನೆ ಆಡಿದ ಗುಟ್ಟಿನ ಮಾತನ್ನು ಯಶೋಧರನು ಕೇಳಿರಲಾರನು. ಆದರೂ ಅದು ಕಾವ್ಯದಲ್ಲಿದೆ. ಒಲಿದವರಿಗೆ ರೂಪು ಕುರೂಪುಗಳ ಎಣಿಕೆ ಇಲ್ಲವೆಂಬ ಅವಳ ವಾದಕ್ಕೆ ಕವಿ ಕೊಟ್ಟಿರುವ ಬಲ ಕಥಾನಾಯಕನು ಕೊಡುವ ಬಲವಲ್ಲ. ಕೊನೆಯಲ್ಲಿ ಅವಳಿಗೆ ನರಕವನ್ನು ವಿಧಿಸಿದ ಕಾವ್ಯವೇ ಮೊದಲಲ್ಲಿ ಅವಳ ಮನಸ್ಸಿನ ಬಾಗಿಲನ್ನು ತೆರೆದಿಟ್ಟಿದೆ. ನಾಟಕಕಾರನು ಒಳಹೊಕ್ಕುದು ಆ ಬಾಗಿಲಿನಿಂದಲೇ ಎನ್ನಬಹುದು. ಎರಡನ್ನೂ ಒಟ್ಟಿಗೆ ಓದಿದಾಗ ಒಂದು ಇನ್ನೊಂದನ್ನು ಅಳಿಸುವುದಿಲ್ಲ; ಬೆಳಗುತ್ತದೆ.

೪

ಈ ಮೂರು ಪ್ರಶ್ನೆಗಳು ಹಳೆಯ ಕಾವ್ಯಕ್ಕೆ ಮಾತ್ರ ಸಲ್ಲುವಂಥವೇ ಎಂಬ ಸಂದೇಹ ಬರಬಹುದು. ನಮ್ಮ ಜಿಲ್ಲೆಯದೇ ಆದ ಇನ್ನೊಂದು ನಿದರ್ಶನವನ್ನು ನೋಡೋಣ. ಅಧ್ಯಾಪಿಕೆಯಾಗಿದ್ದ ಪಿ. ವತ್ಸಲಾ ಅವರು ತಿರುನೆಲ್ಲಿಯ ಅಡಿಯರ ಬಾಳನ್ನು ವಸ್ತುವಾಗಿಟ್ಟುಕೊಂಡು 'ನೆಲ್ಲು' ಎಂಬ ಮಲೆಯಾಳ ಕಾದಂಬರಿಯನ್ನು ೧೯೭೨ರಲ್ಲಿ ಪ್ರಕಟಿಸಿದರು. ರಾಮು ಕಾರ್ಯಾಟ್ ಅದನ್ನು ೧೯೭೪ರಲ್ಲಿ ಚಲನಚಿತ್ರವಾಗಿಸಿದರು. ಹಿಂದೆ ವಳ್ಳಿಯೂರ್‌ಕಾವಿನ ಉತ್ಸವದ ಕಾಲದಲ್ಲಿ ಜಮೀನುದಾರರು ಅಡಿಯರಿಗೆ ಮುಂಗಡ ಕೊಟ್ಟು ಅವರನ್ನು ಒಂದು ವರ್ಷದ ದುಡಿಮೆಗೆ ಕಟ್ಟಿಹಾಕುತ್ತಿದ್ದರು. ಗಡಿಯಾಚೆ ಕೊಡಗಿನಲ್ಲಿ ಎರವರೆಂದು ಕರೆಯಿಸಿಕೊಳ್ಳುವವರಲ್ಲಿ ಇವರ ಬಂಧುಗಳಿದ್ದಾರೆ. ಕಾದಂಬರಿಗೆ ವಿರಾಮವಿದೆ, ಗದ್ದೆಯ ಕೆಸರು, ಸಾಲ, ಹಸಿವುಗಳನ್ನು ಪುಟಪುಟವಾಗಿ ಕೂಡಿಸುತ್ತ ಹೋಗಬಹುದು. ಚಿತ್ರಕ್ಕೆ ಎರಡು ಮೂರು ಗಂಟೆಯ ಅವಧಿ, ಬಣ್ಣ, ಸಂಗೀತ. ಸಲಿಲ್ ಚೌಧುರಿಯವರ ಸಂಗೀತದಲ್ಲಿ ಲತಾ ಮಂಗೇಶ್ಕರ್ ಹಾಡಿದ ಹಾಡಿನಿಂದಲೇ ಆ ಚಿತ್ರವನ್ನು ನೆನೆಯುವವರು ಇಂದಿಗೂ ಅನೇಕರು. ಇದು ಚಿತ್ರದ ಕುಂದೆನ್ನಲಾಗದು. ಆದರೆ ಹಾಡು ಉಳಿದು ಸಾಲ ಮರೆತುಹೋದರೆ, ಪ್ರಕಾರವು ಏನನ್ನು ಎತ್ತಿಹಿಡಿಯಿತು, ಏನನ್ನು ಜಾರಿಸಿತು ಎಂಬುದನ್ನು ಕೇಳಲೇಬೇಕಾಗುತ್ತದೆ.

ಅಡಿಯರಿಗೆ ತಮ್ಮದೇ ಆದ 'ಗದ್ದಿಗ' ಎಂಬ ಆಚರಣೆಯಿದೆ. ಕೇಡನ್ನು ಕಳೆಯಲು ಹಾಡಿ ಕುಣಿದು ದೈವವನ್ನು ಬೇಡುವ ವಿಧಿ ಅದು. ವಯನಾಡಿನಲ್ಲಿ ಬಾಳಿದ ಕೆ. ಜೆ. ಬೇಬಿಯವರು ಆ ರೂಪವನ್ನು ಎತ್ತಿಕೊಂಡು 'ನಾಡುಗದ್ದಿಗ' ಎಂಬ ನಾಟಕವನ್ನು ಊರೂರಿಗೆ ಒಯ್ದರು; ಅನಂತರ ಅಡಿಯರ ಗತಕಾಲವನ್ನೇ ಕುರಿತು 'ಮಾವೇಲಿಮನ್ರಂ' ಕಾದಂಬರಿಯನ್ನು ಬರೆದರು. ಆಚರಣೆಯಲ್ಲಿ ಕೇಳುವವನು ದೈವ. ನಾಟಕದಲ್ಲಿ ಕೇಳುವವರು ಊರವರು. ಕಾದಂಬರಿಯಲ್ಲಿ ಒಬ್ಬಂಟಿಯಾದ ಓದುಗ. ನೋವು ಒಂದೇ ಆದರೂ ಅದನ್ನು ಯಾರ ಮುಂದೆ ಇಡಲಾಗಿದೆ ಎಂಬುದರ ಮೇಲೆ ಅದು ಪ್ರಾರ್ಥನೆಯೋ ದೂರೋ ಚರಿತ್ರೆಯೋ ಎಂಬುದು ನಿರ್ಧಾರವಾಗುತ್ತದೆ.

೫

ಸುಲ್ತಾನ್ ಬತ್ತೇರಿಯ ಶಿಲಾಮಯ ಬಸದಿಯನ್ನು ನಮ್ಮಲ್ಲಿ ಕಾಣದವರಿಲ್ಲ. ಜಿನಬಿಂಬವಿದ್ದ ಆ ಕಟ್ಟಡ ಟಿಪ್ಪುವಿನ ಕಾಲದಲ್ಲಿ ಮದ್ದುಗುಂಡಿನ ಉಗ್ರಾಣವಾಯಿತು. ಊರಿನ ಈಗಿನ ಹೆಸರು ಅದರಿಂದಲೇ ಬಂದುದು. ಇಂದು ಅದು ಸರಕಾರದ ಸಂರಕ್ಷಿತ ಸ್ಮಾರಕ. ಕಲ್ಲು ಬದಲಾಗಲಿಲ್ಲ, ಒಳಹೋಗುವವನು ಏನನ್ನು ಅರಸಿ ಹೋಗುತ್ತಾನೆ ಎಂಬುದು ಬದಲಾಯಿತು. ಕಥೆಗೂ ಪ್ರಕಾರಕ್ಕೂ ಇರುವ ಸಂಬಂಧ ಹೆಚ್ಚುಕಡಿಮೆ ಇಂಥದೇ. ಆದರೆ ಒಂದು ವ್ಯತ್ಯಾಸವಿದೆ. ಕಟ್ಟಡಕ್ಕೆ ಒಂದು ಕಾಲದಲ್ಲಿ ಒಂದೇ ಉಪಯೋಗ. ಕಥೆಯಾದರೋ ಅಜ್ಜಿಯಲ್ಲಿಯೂ ಕವಿಯಲ್ಲಿಯೂ ನಾಟಕಕಾರನಲ್ಲಿಯೂ ಏಕಕಾಲಕ್ಕೆ ಬಾಳುತ್ತದೆ.

ಹಾಗೆಂದು, ಪ್ರಕಾರಕ್ಕೊಂದು ಅರ್ಥ, ಯಾವುದಾದರೂ ಸರಿ ಎಂದು ಕೈತೊಳೆದುಕೊಳ್ಳುವಂತಿಲ್ಲ. ಮೂರು ರೂಪಗಳಲ್ಲಿಯೂ ಅಳಿಯದೆ ಉಳಿದ ತಿರುಳೊಂದಿದೆ: ಮನಸ್ಸಿನಲ್ಲಿ ಮಾಡಿದುದು ಆಗಲಿಲ್ಲವೆಂದಲ್ಲ. ಜನ್ನನು ಇದನ್ನು ಮತ್ತೊಮ್ಮೆ ಹೇಳಿದ್ದಾನೆ. ೧೨೩೦ರಲ್ಲಿ ರಚಿಸಿದ 'ಅನಂತನಾಥ ಪುರಾಣ'ದಲ್ಲಿ ಚಂಡಶಾಸನನು ಗೆಳೆಯ ವಸುಷೇಣನ ಹೆಂಡತಿ ಸುನಂದೆಯನ್ನು ಕದ್ದೊಯ್ದು, ಅವಳ ಮನಸ್ಸು ತಿರುಗದಿರಲು ಗಂಡನ ತಲೆಯೆಂದು ಸುಳ್ಳು ತಲೆಯೊಂದನ್ನು ತೋರಿಸುತ್ತಾನೆ. ತಲೆ ಸುಳ್ಳು, ಅದನ್ನು ಕಂಡು ಸುನಂದೆ ಬಿಟ್ಟ ಪ್ರಾಣ ನಿಜ. ಕಲ್ಪೆಟ್ಟದ ಬಳಿಯ ಪುಳಿಯಾರ್‌ಮಲೆಯ ಬಸದಿಯಲ್ಲಿ ನೆಲೆಸಿರುವವನು ಅದೇ ಅನಂತನಾಥ. ಅಲ್ಲಿಗೆ ಹೋದಾಗಲೆಲ್ಲ ನನಗೆ ಜನ್ನನ ಹಿಟ್ಟಿನ ಹುಂಜವೂ ಸುಳ್ಳು ತಲೆಯೂ ಒಟ್ಟಿಗೆ ನೆನಪಾಗುತ್ತವೆ.

ಉಪಾಧ್ಯಾಯ ಬಂಧುಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ತರಗತಿಯಲ್ಲಿ ನಾವು ಪದ್ಯವನ್ನೂ ಕಥೆಯನ್ನೂ ನಾಟಕವನ್ನೂ ಒಂದೇ ಬಗೆಯಲ್ಲಿ 'ಸಾರಾಂಶ' ಮಾಡಿಸುತ್ತೇವೆ. ಸಾರಾಂಶದಲ್ಲಿ ಅಜ್ಜಿ, ಜನ್ನ, ಕಾರ್ನಾಡ ಮೂವರೂ ಒಂದೇ ಆಗಿಬಿಡುತ್ತಾರೆ. ಹೇಳಿದವರು ಯಾರು, ಕೇಳಿದವರು ಯಾರು, ಬಿಟ್ಟುದೇನು ಎಂಬುದೆಲ್ಲ ಮಾಯವಾಗುತ್ತದೆ. ವಾರಕ್ಕೊಮ್ಮೆಯಾದರೂ ಒಂದೇ ಕಥೆಯ ಎರಡು ರೂಪಗಳನ್ನು ಎದುರುಬದುರಾಗಿಟ್ಟು ಈ ಮೂರು ಪ್ರಶ್ನೆಗಳನ್ನು ಕೇಳಿಸಿದರೆ ಮಕ್ಕಳು ತಾವಾಗಿಯೇ ಒಳ್ಳೆಯ ವಿಮರ್ಶಕರಾಗುತ್ತಾರೆ. ಎರಡು ಭಾಷೆಗಳ ನಡುವೆ ಬೆಳೆಯುವ ಗಡಿನಾಡಿನ ಮಕ್ಕಳಿಗೆ ಒಂದೇ ವಸ್ತುವಿಗೆ ಎರಡು ನುಡಿ ಇರುವುದು ಹೇಗೂ ಅಭ್ಯಾಸವಾಗಿದೆ; ಒಂದೇ ಕಥೆಗೆ ಎರಡು ರೂಪ ಇರುವುದು ಅವರಿಗೆ ತೊಡಕಾಗದು.

ಆ ಹುಡುಗಿ ಇಂದು ಎಲ್ಲಿರುವಳೋ, ತಾನೇ ಮಕ್ಕಳಿಗೆ ಕಥೆ ಹೇಳುವ ವಯಸ್ಸಾಗಿರಬಹುದು. ಅವಳು ಮತ್ತೆ ಕೇಳಿದರೆ ಹೀಗೆ ಹೇಳುತ್ತೇನೆ: "ಜನ್ನನ ಕಾವ್ಯದಲ್ಲಿ ಕೂಗಿತು, ಮಗಾ, ಏಕೆ ಕೂಗಿತೆಂದೂ ಅವನು ಹೇಳಿದ್ದಾನೆ. ನನ್ನ ಅಜ್ಜಿಯ ಕಥೆಯಲ್ಲಿಯೂ ಕೂಗಿತು. ಅದಕ್ಕೇ ನಾನು ಆ ಬಿಸ್ಕತ್ತು ತಿನ್ನಲಿಲ್ಲ. ಕೂಗು ಅರಸನ ಕಿವಿಗೂ ಬಿತ್ತು, ಆದರೆ ಆಗ ಹೊತ್ತು ಮೀರಿತ್ತು. ನೀನು ಮೊದಲೇ ಕೇಳಿಸಿಕೊಂಡೆ. ಕೂತುಕೊಳ್ಳಬೇಡ, ನಿಂತು ಇನ್ನೊಂದು ಪ್ರಶ್ನೆ ಕೇಳು."